ಕರಿ ಪಟ್ಟಿಯ ಮೇಲಿನ ಹೆಬ್ಬೆರಳು

ಹೋದ ವಾರ ವಿಮೆಯ ಕಾಗದ ತೆಗೆಯಲು ಕಾರಿನ ಮುಂದಿನ ಖಾನೆ ತೆರೆದೆ. ತಳದಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಸುರುಳಿಯೊಂದಿತ್ತು. ಅದು ಅಲ್ಲಿದೆ ಎಂದು ನನಗೆ ಗೊತ್ತು, ಇಟ್ಟವನು ನಾನೇ. ಆದರೂ ಆ ವಾಸನೆಗೆ ಕೈ ನಿಂತಿತು. ಕಳಿತ ಬಾಳೆಹಣ್ಣಿನಂಥದ್ದು, ಅದರ ಹಿಂದೆ ಸ್ವಲ್ಪ ಸೀಮೆಎಣ್ಣೆಯಂಥದ್ದು... ಪಾಲಿಶ್ ಚಾಚಾ ಅವರ ಬಾಟಲಿಯ ವಾಸನೆ. ನಾಲ್ಕು ವರ್ಷವಾದರೂ ಹೋಗಿಲ್ಲ.

ಅವರು ನನಗಿಂತ ಎರಡು ವರ್ಷ ಚಿಕ್ಕವರು. ಚಿಕ್ಕೋಡಿಗೆಲ್ಲ ಚಾಚಾ ಆಗಿದ್ದರಿಂದ ನನಗೂ ಚಾಚಾ ಆದರು. ಕೋರ್ಟಿನ ರಸ್ತೆಯ ಬದಿಗೆ ಒಂದು ಬೇವಿನ ಮರ, ಅದರ ಕೆಳಗೆ ಒಂದು ಬೆಂಚು, ಎರಡು ಬಕೆಟ್, ಒಂದು ತಗಡಿನ ಪೆಟ್ಟಿಗೆ. ಅವರ ಅಂಗಡಿ ಅಷ್ಟೇ. ಪ್ರಾಯದಲ್ಲಿ ನಿಪ್ಪಾಣಿಯ ಹೆದ್ದಾರಿಯ ಮೇಲೆ ಲಾರಿಗಳ ಸ್ಟೀಲು, ಹಿತ್ತಾಳೆ ತಿಕ್ಕಿದವರು. ಕಾರುಗಳಿಗೆ ಕನ್ನಡಿಯಂತೆ ಹೊಳೆಯುವ ಕರಿ ಪ್ಲಾಸ್ಟಿಕ್ ಬಂದಮೇಲೆ ಆ ಕೈಯನ್ನು ಹಗುರ ಮಾಡಿಕೊಂಡಿದ್ದರು. "ಸ್ಟೀಲು ಗಟ್ಟಿ ಮನಶಾ ಇದ್ದಂಗ್ರಿ, ಬೈದ್ರೂ ತಡೀತೈತಿ. ಈ ಪ್ಲಾಸ್ಟಿಕ್ ಹಂಗಲ್ಲ, ದನಿ ಏರಿಸಿದ್ರ ಮುಖಾ ಸಣ್ಣ ಮಾಡತೈತಿ" ಎನ್ನುತ್ತಿದ್ದರು.

ನಾನು ವ್ಯಾಯಾಮ ಶಿಕ್ಷಕನಾಗಿದ್ದವನು. ಹಾಸ್ಟೆಲಿನ ಗಂಟೆಗೆ ಎದ್ದು ಬೆಳೆದೆ, ಆಮೇಲೆ ಸೀಟಿ ಊದಿ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದೆ. ನಿವೃತ್ತನಾಗಿ ಕಾರು ಕೊಂಡಾಗ ಅದಕ್ಕೂ ವೇಳಾಪಟ್ಟಿ ಹಾಕಿದೆ. ಬೆಳಿಗ್ಗೆ ಆರಕ್ಕೆ ಒಣ ಬಟ್ಟೆಯಿಂದ ಒರೆಸುವುದು. ಎಡಗಡೆಯ ಎರಡು ಬಾಗಿಲುಗಳ ನಡುವೆ ಕರಿ ಪಟ್ಟಿಯೊಂದಿತ್ತು, ಮುಖ ಕಾಣುವಷ್ಟು ಹೊಳಪು. ಅದಕ್ಕೆ ಎರಡು ಸಲ ಹೆಚ್ಚು. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಚಿಮಣಿಯ ಮಸಿ ಉದುರಿ ಕಾರಿನ ಮೇಲೆ ಕೂತಿರುತ್ತಿತ್ತು. ಆಗ ಇನ್ನೂ ಜೋರಾಗಿ ಒರೆಸುತ್ತಿದ್ದೆ.

ಎರಡು ವರ್ಷಕ್ಕೆ ಪಟ್ಟಿ ಮಬ್ಬಾಯಿತು. ತಪ್ಪು ಯಾರದೆಂದು ನನಗೆ ಸಂಶಯವೇ ಇರಲಿಲ್ಲ. ನನ್ನ ಹೆಂಡತಿ ಬಾಗಿಲಿನ ಮೇಲಂಚು ಹಿಡಿದು ಮುಚ್ಚುವಾಗ ಅವಳ ಬಳೆ ಪಟ್ಟಿಗೆ ತಾಗುತ್ತಿತ್ತು. ಕಾರು ಹತ್ತುವ ಮೊದಲು ಬಳೆಗಳನ್ನು ಮೊಣಕೈಗೆ ಏರಿಸಿಕೊಳ್ಳುವಂತೆ ಅವಳಿಗೆ ಹೇಳಿದ್ದೆ. ಏರಿಸಿಕೊಳ್ಳುತ್ತಿದ್ದಳು, ಮನೆಗೆ ಬಂದಮೇಲೆ ಇಳಿಸಿಕೊಳ್ಳುತ್ತಿದ್ದಳು.

ಒಂದು ಶನಿವಾರ ಹತ್ತು ಗಂಟೆಗೆ ಅವಳನ್ನೂ ಕರೆದುಕೊಂಡು ಚಾಚಾ ಅವರ ಹತ್ತಿರ ಹೋದೆ. ಅವರು ಕೈಯ ಹಿಂಬದಿಯನ್ನು ಪಟ್ಟಿಗೆ ತಾಗಿಸಿ, "ಕಾದೈತಿ. ನೆಳ್ಳ ಬರೂತನಕಾ ಕೂಡ್ರಿ" ಎಂದರು. ಬಿಸಿಯಾದ ಪ್ಲಾಸ್ಟಿಕ್ ಮುಟ್ಟುವುದಿಲ್ಲ ಎಂಬುದು ಅವರ ನಿಯಮ. ಮರದ ನೆರಳು ಪಟ್ಟಿಯ ಮೇಲೆ ಬರುವಷ್ಟರಲ್ಲಿ ಹನ್ನೊಂದೂಕಾಲು. ನನಗೆ ಹನ್ನೆರಡೂವರೆಗೆ ಊಟ.

ಮೊದಲು ನೀರು ಸುರಿದು ಮಸಿ ಇಳಿಸಿದರು, ಕೈ ಹಚ್ಚಲಿಲ್ಲ. ಆಮೇಲೆ ತಲೆ ವಾರೆ ಮಾಡಿ ಪಟ್ಟಿಯನ್ನು ಬಹಳ ಹೊತ್ತು ನೋಡಿದರು.

"ಮಾಸ್ತರ್ರ, ಇದನ್ನ ಯಾವಾಗ ಒರಸ್ತೀರಿ?"

"ದಿನಾ ಆರಕ್ಕ. ಒಂದ ದಿನಾ ತಪ್ಪಿಲ್ಲ."

"ನೀರ ಹಾಕಿ?"

"ಒಣಾ ಬಟ್ಟಿಲೆ."

ಚಾಚಾ ನನ್ನ ಹೆಂಡತಿಯ ಕಡೆ ತಿರುಗಿದರು. "ಅಕ್ಕಾರ, ನಿಮ್ಮ ಬಳಿವು ನಾಕ ಗೀರು ಅದಾವ ನೋಡ್ರಿ, ಉದ್ದಕ. ಈ ದುಂಡ ದುಂಡ ಗೀರಿನ ಸಂತಿ ಎಲ್ಲಾ ಮಾಸ್ತರರದು. ಮಸಿ ಅಂದ್ರ ಉಸುಕಿದ್ದಂಗ್ರಿ. ದಿನಾ ಆರಕ್ಕ ಎದ್ದ ಉಸುಕಲೇ ತಿಕ್ಯಾರ."

ಅವರು ತೋರಿಸಿದ ಕಡೆಯಿಂದ ನಾನೂ ಬಗ್ಗಿ ನೋಡಿದೆ. ಜೇಡರ ಬಲೆಯಂತೆ ಸಾವಿರ ಸುತ್ತುಗಳು. ನಡುವೆ ನಾಲ್ಕೇ ನಾಲ್ಕು ನೆಟ್ಟನೆಯ ಗೆರೆ.

ಹೆಂಡತಿ ಮೊಣಕೈಗೆ ಏರಿಸಿದ್ದ ಬಳೆಗಳನ್ನು ಸಾವಕಾಶವಾಗಿ ಮಣಿಕಟ್ಟಿಗೆ ಇಳಿಸಿಕೊಂಡಳು. ಪಕ್ಕದ ಚಹಾದ ಅಂಗಡಿಯವರು ಆ ಕಡೆ ಮುಖ ತಿರುಗಿಸಿ ನಕ್ಕರು.

ಚಾಚಾ ಬೆರಳಿನ ತುದಿಯಷ್ಟು ಪಾಲಿಶ್ ತೆಗೆದುಕೊಂಡು ಮೆತ್ತನೆಯ ಬಟ್ಟೆಯಿಂದ ಮೇಲೆ ಕೆಳಗೆ ನೇರವಾಗಿ ಎಳೆಯುತ್ತ ಹೋದರು, ದುಂಡಗೆ ತಿರುಗಿಸಲಿಲ್ಲ. ನನ್ನ ಸುತ್ತುಗಳು ಒಂದೊಂದಾಗಿ ಕರಗಿದವು. ನಾಲ್ಕು ಗೆರೆಗಳ ಹತ್ತಿರ ಕೈ ನಿಲ್ಲಿಸಿದರು. "ಇವು ಆಳ ಅದಾವ. ತಗ್ಯಾಕ ಹೋದ್ರ ಹೊಳಪೂ ಹೋಗತೈತಿ."

"ಇರಲಿ ಬಿಡ್ರಿ ಚಾಚಾ," ಎಂದಳು ಹೆಂಡತಿ. "ಎಲ್ಲಾ ಅಳಿಸಿದ್ರ ಇವರು ನನ್ನ ಬೈಯಾಕ ಮತ್ತೇನ ಹುಡಕಬೇಕು."

ಕೊನೆಗೆ ಮತ್ತೆ ಗೀರು ಬೀಳದಂತೆ ಪಟ್ಟಿಯ ಮೇಲೆ ಪಾರದರ್ಶಕ ಫಿಲ್ಮ್ ಅಂಟಿಸುವುದಿತ್ತು. ಅದಕ್ಕೆ ಸಾಬೂನಿನ ನೀರು ಸಿಂಪಡಿಸಿ, ಬೆರಳುಗಳನ್ನೂ ಒದ್ದೆ ಮಾಡಿಕೊಂಡೇ ಹಿಡಿಯಬೇಕು. ಒಣ ಬೆರಳು ಅಂಟಿಗೆ ತಾಗಿದರೆ ಗುರುತು ಉಳಿಯುತ್ತದೆ. ಆಗಲೇ ಹನ್ನೆರಡೂಕಾಲು. ನಾನು ಎರಡು ಸಲ ಗಡಿಯಾರ ನೋಡಿದೆ. ಕೀಲಿಕೈ ಗೊಂಚಲನ್ನು ಆಡಿಸಿದೆ. "ಚಾಚಾ, ಹೊತ್ತಾತು" ಎಂದೆ. ಅವರು ಅವಸರದಲ್ಲಿ ಕೈ ಒರೆಸಿಕೊಂಡು ಫಿಲ್ಮಿನ ಕೆಳಮೂಲೆ ಹಿಡಿದರು.

ಅಂಟಿಸಿ ಹಿಂದೆ ಸರಿದಾಗ ಆ ಮೂಲೆಯಲ್ಲಿ ಅವರ ಹೆಬ್ಬೆರಳು ಮೂಡಿತ್ತು. ಗೆರೆ ಗೆರೆಯಾಗಿ, ನಡುವೆ ಹಳೆಯ ಗಾಯದ ಗುರುತಿನ ಸಮೇತ. ಚಾಚಾ ಅವರ ಮುಖ ಬಾಡಿತು. "ತಪ್ಪಾತ್ರಿ. ಹೊಸಾದು ಕತ್ತರಿಸಿ ಇಟ್ಟಿರತೀನಿ. ನಾಳೆ ಬರ್ರಿ, ಬದಲಿ ಮಾಡೂಣು."

ಮರುದಿನ ಭಾನುವಾರ. ನಾನು ಪೇಟೆಗೆ ಹೋಗುವುದು ಶನಿವಾರ ಮಾತ್ರ. ಮುಂದಿನ ಶನಿವಾರ ಅಥಣಿಯಲ್ಲಿ ಮದುವೆ. ಅದರ ಮುಂದಿನದು ಇನ್ನೇನೋ... ದಿನಚರಿಯ ಪುಸ್ತಕದಲ್ಲಿ "ಫಿಲ್ಮ್ ಬದಲಿ" ಎಂದು ಬರೆದು, ಹೊಡೆದು, ಮುಂದಿನ ಪುಟದಲ್ಲಿ ಮತ್ತೆ ಬರೆಯುತ್ತಿದ್ದೆ. ಹೀಗೆ ಎರಡು ತಿಂಗಳಾಯಿತು.

ಹೋದಾಗ ಬೆಂಚು ಬರಿದಾಗಿತ್ತು. ಬಕೆಟ್ಟುಗಳು ಬೋರಲಾಗಿದ್ದವು. ಚಹಾದ ಅಂಗಡಿಯವರು ಹೊರಗೆ ಬಂದರು. "ಚಾಚಾ ಹೋದ್ರಲ್ರೀ ಮಾಸ್ತರ್ರ. ಹದಿನೈದ ದಿನಾ ಆತು. ಎದಿ ನೋವಂದ್ರು, ಮಿರಜದ ದವಾಖಾನಿಗೆ ಒಯ್ಯೂದ್ರಾಗ..." ಒಳಗೆ ಹೋಗಿ ಪತ್ರಿಕೆಯ ಸುರುಳಿ ತಂದು ಕೊಟ್ಟರು. "ನಿಮ್ಮದಂತ. ಪ್ರತಿ ಶನಿವಾರ ನಿಮ್ಮ ದಾರಿ ನೋಡತಿದ್ರು. ಮಾಸ್ತರರು ವಾರ ತಪ್ಪಿಸೂ ಮನಶಾ ಅಲ್ಲ ಅಂತಿದ್ರು."

ಆ ಸುರುಳಿಯನ್ನು ಅಲ್ಲಿಯೇ ಬಿಚ್ಚಿ ನೋಡಿದೆ. ಪಟ್ಟಿಯ ಅಳತೆಗೆ ಕತ್ತರಿಸಿದ ಹೊಸ ಫಿಲ್ಮ್. ಅಂಚಿನಲ್ಲಿ ಒಂದು ಕೂದಲಿನಷ್ಟೂ ಓರೆಯಿಲ್ಲ.

ಈಗ ಹಳೆಯ ಫಿಲ್ಮ್ ಹಳದಿಯಾಗಿದೆ, ಬಿಸಿಲಿಗೆ ಕೆಳಮೂಲೆ ಎದ್ದಿದೆ. ಹೋದ ವಾರ ಆ ಸುರುಳಿ ಹಿಡಿದು ಪೇಟೆಯ ಹೊಸ ಪಾಲಿಶ್ ಅಂಗಡಿಗೆ ಹೋದಾಗ ಅಲ್ಲಿಯವರು ಸುರುಳಿಯನ್ನು ಪಟ್ಟಿಗೆ ಹಿಡಿದು ನೋಡಿ, "ಅಳತಿ ಬರೋಬ್ಬರಿ ಐತ್ರಿ ಸರ. ಹಳೇದ ಕಿತ್ತ ಇದನ್ನ ಹಚ್ಚಿದ್ರ ಆತು" ಎಂದು ಮೂಲೆಗೆ ಉಗುರು ಹಾಕಿದರು. ಹೆಬ್ಬೆರಳಿನ ಮೊದಲ ಗೆರೆ ಫಿಲ್ಮಿನ ಜೊತೆ ಮೇಲೆದ್ದದ್ದನ್ನು ನೋಡಿದೆ. ನಾನು ಬೇಡವೆನ್ನುವ ಮೊದಲೇ ಹೆಂಡತಿ, "ಬಿಡ್ರಿ, ಅದು ಹಂಗ ಇರಲಿ" ಎಂದಳು. ಸುರುಳಿ ಮತ್ತೆ ಖಾನೆಗೆ ಹೋಯಿತು.

ಅಂಟು ಬಹಳ ದಿನ ತಡೆಯುವುದಿಲ್ಲ, ನನಗೆ ಗೊತ್ತಿದೆ. ಗಾಡಿಯನ್ನು ಯಾವಾಗಲೂ ರಸ್ತೆಗೆ ಮುಖ ಮಾಡಿ ನಿಲ್ಲಿಸುವುದು ನನ್ನ ಪದ್ಧತಿಯಾಗಿತ್ತು. ಈಗ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತೇನೆ. ಹಾಗೆ ನಿಲ್ಲಿಸಿದರೆ ಎಡಬದಿಗೆ ಸಂಜೆಯ ತನಕ ನೆರಳಿರುತ್ತದೆ. ಬೆಳಿಗ್ಗೆ ಆರಕ್ಕೆ ಪಟ್ಟಿಯ ಮೇಲೆ ನೀರು ಸುರಿಯುತ್ತೇನೆ. ಕೈ ಹಚ್ಚುವುದಿಲ್ಲ.