ಮೂಕಿ ಚಿತ್ರದಲ್ಲಿ ಪರ್ಸಿ ಕ್ವಿಲ್ಟಿ ಆಡಿದ ಮಾತು

ನಮ್ಮ ಬಂದರು ಪೇಟೆ ಬಾಲ್ಮೇನಿನಲ್ಲಿ ಪರ್ಸಿ ಕ್ವಿಲ್ಟಿ ಎದುರಿಗೆ ಬಂದರೆ ಹೆಂಗಸರು ಕೈಚೀಲವನ್ನು ಎದೆಗೊತ್ತಿಕೊಳ್ಳುತ್ತಿದ್ದರು. ಪಾಪ, ಇರುವೆ ಕಂಡರೂ ದಾಟಿ ನಡೆಯುವ ಮನುಷ್ಯ ಅವನು. ಆದರೆ ಮೂಕಿ ಚಿತ್ರಗಳಲ್ಲಿ ಅವನು ಕದ್ದ ಕುದುರೆ, ಹೊತ್ತೊಯ್ದ ಹುಡುಗಿಯರು ಒಂದೆರಡಲ್ಲ. ಹನ್ನೊಂದು ಚಿತ್ರ, ಹನ್ನೊಂದರಲ್ಲೂ ಖಳ. ಉದ್ದ ಮುಖ, ಕೂಡಿದ ಹುಬ್ಬು, ಗುಳಿಬಿದ್ದ ಕೆನ್ನೆ. ಆ ಮುಖವೇ ಅವನಿಗೆ ಅನ್ನ ಹಾಕಿತು. ಟಾಕಿ ಬಂದಾಗ ಅವನ ಕೀರಲು ದನಿ ಕೇಳಿ ಜನ ಬಿದ್ದು ಬಿದ್ದು ನಕ್ಕರು, ಅಲ್ಲಿಗೆ ಮುಗಿಯಿತು. ಆಮೇಲೆ ಇಪ್ಪತ್ತು ವರ್ಷ ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುತ್ತ ನಿಂತಿದ್ದ. ಅವನ ಚಿತ್ರಗಳಲ್ಲಿ ಒಂದೂ ಈಗ ಉಳಿದಿಲ್ಲ. ರೀಲಿನಲ್ಲಿದ್ದ ಬೆಳ್ಳಿಯ ಆಸೆಗೆ ಎಲ್ಲವನ್ನೂ ಕುದಿಸಿಹಾಕಿದರಂತೆ. ಹೋಗಲಿ ಬಿಡಿ, ಹತ್ತು ಹೋದದ್ದಕ್ಕೆ ನನಗೇನೂ ಬೇಜಾರಿಲ್ಲ. ಎಂಟನೆಯದು ಮಾತ್ರ ಬೇರೆ. ಅದನ್ನು ಬಿಟ್ಟು ಪರ್ಸಿಯ ಬದುಕನ್ನು ಹೇಳುವುದಕ್ಕೆ ಬರುವುದಿಲ್ಲ.

ಅವನಪ್ಪ ಫೆರಿ ದೋಣಿಯಲ್ಲಿ ಕಲ್ಲಿದ್ದಲು ತುಂಬುವವನು. ಪರ್ಸಿ ಹದಿನಾಲ್ಕಕ್ಕೇ ಹಡಗುಕಟ್ಟೆಯ ಕೆಲಸಕ್ಕೆ ಸೇರಿದ. ಪಕ್ಕದ ಮನೆಯ ಕ್ಲೆಮ್ ಡೂಲನ್ ಕೂಡ ಅದೇ ದಿನ ಸೇರಿದ. ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು. ಮೊದಲ ಮಹಾಯುದ್ಧ ಬಂದಾಗ ಒಟ್ಟಿಗೇ ಸೈನ್ಯಕ್ಕೆ ಹೆಸರು ಕೊಟ್ಟು ಒಟ್ಟಿಗೇ ಹಡಗು ಹತ್ತಿದರು. ಹದಿನಾರನೇ ಇಸವಿಯಲ್ಲಿ ಫ್ರಾನ್ಸಿನ ಮಣ್ಣಿನಲ್ಲಿ ಕ್ಲೆಮ್ ಸತ್ತ. ಮೂರು ವರ್ಷದ ಮೇಲೆ ಪರ್ಸಿ ಒಬ್ಬನೇ ವಾಪಸು ಬಂದ.

ಕ್ಲೆಮ್‌ನ ತಾಯಿ ಡೀಲಿಯಾ ವಿಧವೆ. ಒಂಬತ್ತು ವರ್ಷದವಳಿದ್ದಾಗ ಜ್ವರ ಬಂದು ಎರಡು ಕಿವಿಯೂ ಹೋಗಿತ್ತು. ಹಾಗಂತ ಅವಳೆದುರು ಗುಟ್ಟು ಮಾತಾಡಿದಿರೋ, ಕೆಟ್ಟಿರಿ! ತುಟಿ ಅಲ್ಲಾಡಿದರೆ ಸಾಕು, ಓದಿಬಿಡುತ್ತಿದ್ದಳು. ರಸ್ತೆಯ ಆಚೆ ಯಾರೋ ಅವಳ ಬಗ್ಗೆ ಆಡಿಕೊಂಡರೆ ಈಚೆಯಿಂದಲೇ, "ನನ್ನ ಟೋಪಿ ನಿನ್ನ ತಲೆಗೆ ಭಾರವೇನೇ, ಮೇಬಲ್?" ಅನ್ನುತ್ತಿದ್ದಳು.

ಹಡಗಿನಿಂದಿಳಿದ ದಿನವೇ ಪರ್ಸಿ ಅವಳ ಅಡಿಗೆಮನೆಯ ಮೇಜಿನ ಮುಂದೆ ಕೂತ. ಮರಳಿ ಬಂದ ಹುಡುಗರೆಲ್ಲ ಸತ್ತವರ ತಾಯಂದಿರಿಗೆ ಏನು ಹೇಳುತ್ತಿದ್ದರೋ ಅದನ್ನೇ ಹೇಳಿದ. "ಗುಂಡು ಹಣೆಗೇ ಬಿತ್ತು ಆಂಟಿ. ನೋವು ಅನ್ನೋದೇ ಗೊತ್ತಾಗ್ಲಿಲ್ಲ ಅವನಿಗೆ." ನಮ್ಮ ಬೀದಿಯಿಂದ ಹೋದ ಆರು ಹುಡುಗರು ಬರಲಿಲ್ಲ. ಆರು ಜನಕ್ಕೂ ಗುಂಡು ಹಣೆಗೇ ಬಿದ್ದಿತ್ತು, ಒಬ್ಬನಿಗೂ ನೋವಾಗಿರಲಿಲ್ಲ. ಪಕ್ಕದ ಮನೆಗೆ ಹೇಳಿದ್ದು ಸುಳ್ಳೆಂದು ಪ್ರತಿ ತಾಯಿಗೂ ಗೊತ್ತಿತ್ತು. ತನ್ನ ಮನೆಗೆ ಹೇಳಿದ್ದು ಮಾತ್ರ ನಿಜ ಅಂದುಕೊಂಡಿದ್ದರು. ಡೀಲಿಯಾ ಬಹಳ ಹೊತ್ತು ಅವನ ತುಟಿಯನ್ನೇ ನೋಡಿದಳು. "ಸರಿ," ಅಂದಳು. ಪರ್ಸಿಯ ಅಪ್ಪ ಅಮ್ಮ ಅಷ್ಟರಲ್ಲಿ ತೀರಿಕೊಂಡಿದ್ದರು. ಕ್ಲೆಮ್‌ನ ಕೋಣೆಯನ್ನೇ ಅವನಿಗೆ ಬಿಟ್ಟುಕೊಟ್ಟಳು.

ಸಿನಿಮಾಕ್ಕೆ ಅವನನ್ನು ಎಳೆದವನು ಗ್ರೀವ್ ಅನ್ನುವ ನಿರ್ದೇಶಕ. ದೋಣಿಯಲ್ಲಿ ಎದುರು ಕೂತಿದ್ದವನು, "ಈ ಮುಖ ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ದೆ ಮಾರಾಯ?" ಅಂದನಂತೆ. ಬೆಳಕು ಬೀಳಲೆಂದು ಸೂರಿಲ್ಲದೆ ನಿಲ್ಲಿಸಿದ ಗೋಡೆಗಳ ನಡುವೆ, ಉರಿಬಿಸಿಲಲ್ಲಿ, ಮುಖಕ್ಕೆ ಹಳದಿ ಬಣ್ಣ ಬಳಿದುಕೊಂಡು ಕೆಲಸ. ಅಳು ಬರಲಿ ಅಂತ ಒಬ್ಬ ಪಿಟೀಲು ಕುಯ್ಯುತ್ತಿದ್ದ. ಆಡಿದ್ದು ಯಾರಿಗೂ ಕೇಳುವುದಿಲ್ಲವಲ್ಲ, ಹಾಗಾಗಿ ನಟರು ಬಾಯಿಗೆ ಬಂದದ್ದು ಆಡುವರು. ನಾಯಕಿಯನ್ನು ತಬ್ಬಿಕೊಂಡ ನಾಯಕ "ಹಲ್ಲುನೋವು ಕಣೇ, ಬೇಗ ಮುಗ್ಸು" ಅಂದರೆ, ತೆರೆಯ ಮೇಲಿನ ಬರಹ "ನಿನಗಾಗಿ ಪ್ರಾಣ ಕೊಡುವೆ" ಅನ್ನುತ್ತಿತ್ತು.

ಡೀಲಿಯಾಗೆ ಶನಿವಾರ ಮಧ್ಯಾಹ್ನದ ಆಟವೆಂದರೆ ಹಬ್ಬ. ಅಲ್ಲಿ ಎಲ್ಲರೂ ಕಿವುಡರೇ, ಅವಳೊಬ್ಬಳಿಗೇ ಎಲ್ಲ ಕೇಳಿಸುವುದು! ಜನ ಮೂಗೊರೆಸಿಕೊಳ್ಳುವಾಗ ಇವಳು ಕಿಸಕ್ಕನೆ ನಗುವಳು. "ಆ ಹುಡುಗಿ 'ಕಾಲು ತುಳೀಬೇಡ ಕತ್ತೆ' ಅಂದ್ಲು ಕಣೋ ಪರ್ಸಿ!" ಅದಕ್ಕೇ ಪರ್ಸಿ ಕ್ಯಾಮೆರಾದ ಎದುರು ಬರಹದಲ್ಲಿದ್ದದ್ದನ್ನೇ ಚಾಚೂ ತಪ್ಪದೆ ಆಡುತ್ತಿದ್ದ. ಇಲ್ಲದಿದ್ದರೆ ಮನೆಯಲ್ಲಿ ಮಂಗಳಾರತಿ ಆಗುತ್ತಿತ್ತು.

ಎಂಟನೇ ಚಿತ್ರ ದನಗಳ್ಳರದು. ಗುಂಡು ತಿಂದು ಬಿದ್ದ ಜೊತೆಗಾರನನ್ನು ಪರ್ಸಿ ತೊಡೆಯ ಮೇಲೆ ಹಾಕಿಕೊಂಡು ಅಳಬೇಕು. ಪಿಟೀಲು ಆಯಿತು, ಈರುಳ್ಳಿ ಆಯಿತು, ಒಂದು ಹನಿ ಬರಲಿಲ್ಲ. ಗ್ರೀವ್ ಹತ್ತಿರ ಬಂದು, "ಆ ಬರಹ ಬಿಟ್ಟಾಕು. ನೀನು ಯುದ್ಧಕ್ಕೆ ಹೋಗಿ ಬಂದೋನಲ್ವಾ? ನಿನ್ನೋರು ಯಾರಾದ್ರೂ ಸತ್ತಿರ್ತಾರೆ. ಅವನ ಹತ್ರ ಮಾತಾಡು. ಯಾರಿಗೆ ಕೇಳುತ್ತೆ?" ಅಂದ.

ಪರ್ಸಿ ತೊಡೆಯ ಮೇಲಿನ ಮುಖ ನೋಡಿದ. ಹತ್ತು ವರ್ಷ ನುಂಗಿಕೊಂಡಿದ್ದು ಬಾಯಿಗೆ ಬಂತು. "ಕ್ಲೆಮ್, ನೀನು ಕೂಗಿದ್ದು ನಂಗೆ ಕೇಳಿಸ್ತು ಕಣೋ. ಇಡೀ ಹಗಲು ಕೇಳಿಸ್ತು. ನಾನು ಬರ್ಲಿಲ್ಲ. ಹೆದರ್ಕೊಂಡು ಗುಂಡೀಲಿ ಬಿದ್ದಿದ್ದೆ." ಕ್ಯಾಮೆರಾ ನಿಂತ ಮೇಲೆ ಗ್ರೀವ್ ಕಣ್ಣೊರೆಸಿಕೊಂಡ. ಪರ್ಸಿಗೆ ಎಷ್ಟೋ ದಿನದ ಮೇಲೆ ಮೈ ಹಗುರಾಗಿತ್ತು. ಟ್ರಾಮಿನಲ್ಲಿ ಮನೆಗೆ ಹೋಗುವಾಗ ಹೊಳೆಯಿತು. ಅಯ್ಯೋ, ಡೀಲಿಯಾ ಆಂಟಿ!

ಮಾರನೇ ದಿನ ಹೋಗಿ ಗೋಗರೆದ. "ಆ ತುಂಡು ತೆಗೆದುಬಿಡಿ ಸಾರ್, ಇನ್ನೊಂದ್ಸಲ ಮಾಡ್ತೀನಿ."

"ತಲೆ ಕೆಟ್ಟಿದ್ಯಾ? ನಿನ್ನ ಜನ್ಮದಲ್ಲಿ ನೀನು ನಟನೆ ಅಂತ ಮಾಡಿದ್ದು ಅದೊಂದೇ!" ಅಂದ ಗ್ರೀವ್. ಅದು ನಟನೆಯಲ್ಲ ಅಂತ ಹೇಳಲು ಪರ್ಸಿಗೆ ಬಾಯಿ ಬರಲಿಲ್ಲ.

ಚಿತ್ರ ನಮ್ಮ ಊರಿನ ಚಿತ್ರಮಂದಿರಕ್ಕೆ ಬರಲು ಮೂರು ತಿಂಗಳಿತ್ತು. ಅಷ್ಟರೊಳಗೆ ತಾನೇ ಹೇಳಿಬಿಡಬೇಕು ಅಂತ ಗಟ್ಟಿ ಮಾಡಿಕೊಂಡ. ಊಟಕ್ಕೆ ಕೂತಾಗ "ಆಂಟಿ" ಅನ್ನುವನು. ಅವಳು ತಲೆಯೆತ್ತಿ ಅವನ ಬಾಯಿ ನೋಡುವಳು. "ಉಪ್ಪು ಕೊಡಿ" ಅನ್ನುವನು. ಹೇಡಿ! ಅಂದು ಗುಂಡಿಯಲ್ಲಿ ಬಿದ್ದಿದ್ದವನು ಇಂದು ಮೇಜಿನ ಮುಂದೆ ಕೂತಿದ್ದ, ಅಷ್ಟೇ ವ್ಯತ್ಯಾಸ. ಮೂರು ತಿಂಗಳು ಹೀಗೇ ಕಳೆದವು. ಗೋಡೆಗೆ ಪೋಸ್ಟರ್ ಅಂಟಿಸಿದರು.

"ಈ ಶನಿವಾರ ಮ್ಯಾನ್ಲಿಗೆ ಹೋಗೋಣ ಆಂಟಿ, ಸಮುದ್ರ ನೋಡ್ಕೊಂಡು ಬರೋಣ. ಈ ಚಿತ್ರ ಚೆನ್ನಾಗಿಲ್ಲ."

"ನಿಂದು ಯಾವುದು ಚೆನ್ನಾಗಿತ್ತಪ್ಪಾ?" ಅಂದಳು ಡೀಲಿಯಾ. "ನೀನು ಸಾಯೋದನ್ನ ನೋಡೋಕೆ ತಾನೆ ನಾನು ಹೋಗೋದು. ಸಮುದ್ರ ಎಲ್ಲಿಗೂ ಓಡಿಹೋಗಲ್ಲ."

ಶನಿವಾರ ಅವಳ ಪಕ್ಕದಲ್ಲೇ ಕೂತ. ಪಿಯಾನೋ ಶುರುವಾಯಿತು, ದನಗಳು ಕಳುವಾದವು, ಗುಂಡು ಹಾರಿತು. ಜೊತೆಗಾರ ಬೀಳುತ್ತಿದ್ದ ಹಾಗೆ ಪರ್ಸಿ ಡೀಲಿಯಾಳ ಮುಂಗೈ ಹಿಡಿದುಕೊಂಡ.

"ಆಂಟಿ, ಈ ಕಡೆ ನೋಡಿ. ನಾನು ಹೇಳ್ತೀನಿ, ನಾನೇ ಹೇಳ್ತೀನಿ ಆಂಟಿ!"

ಹಿಂದಿನವರು "ಶ್!" ಅಂದರು. ಅವನು ಕೂಗಿಯೇ ಹೇಳಿದ. ಏನು ಪ್ರಯೋಜನ? ನೋಡಿದರೆ ತಾನೆ ಅವಳಿಗೆ ಕೇಳುವುದು. ಅವಳ ಕಣ್ಣು ತೆರೆಯ ಮೇಲಿತ್ತು. ಅಲ್ಲಿ ಮನೆಗೋಡೆಯಷ್ಟು ದೊಡ್ಡ ಪರ್ಸಿ ಬಾಯಿ ತೆರೆದು ಎಲ್ಲವನ್ನೂ ಹೇಳಿಬಿಟ್ಟ. ಆಮೇಲೆ ಬರಹ ಬಂತು: "ಹೋಗಿ ಬಾ ಗೆಳೆಯಾ, ನಿನ್ನ ಸೇಡು ನನ್ನದು." ಇಡೀ ಚಿತ್ರಮಂದಿರ ಬಿಕ್ಕಿತು. ಯುದ್ಧದಲ್ಲಿ ಯಾರನ್ನೂ ಕಳೆದುಕೊಳ್ಳದ ಮನೆ ಅಲ್ಲಿ ಯಾವುದಿತ್ತು? ಡೀಲಿಯಾ ಅಳಲಿಲ್ಲ. ಕೈ ಬಿಡಿಸಿಕೊಂಡು ಎದ್ದು ಹೊರಟಳು.

ಪರ್ಸಿ ಮನೆ ಸೇರುವಷ್ಟರಲ್ಲಿ ಅವಳು ಟೋಪಿಯನ್ನೂ ತೆಗೆಯದೆ ಅಡಿಗೆಮನೆಯಲ್ಲಿ ಕೂತಿದ್ದಳು.

"ಎಷ್ಟು ಹೊತ್ತು?" ಅಂದಳು. ತನ್ನ ದನಿಯ ಅಳತೆ ಅವಳಿಗೆ ತಿಳಿಯುತ್ತಿರಲಿಲ್ಲ. ಬೀದಿಗೆಲ್ಲ ಕೇಳಿಸುವ ಹಾಗಿತ್ತು.

"ಬೆಳಿಗ್ಗೆಯಿಂದ ಸಂಜೆ ತನಕ."

"ದೂರವಿದ್ನಾ?"

"ಈ ಬೀದಿಯ ಅರ್ಧದಷ್ಟು. ಇಬ್ಬರು ಹೋದ್ರು ಆಂಟಿ, ಇಬ್ಬರೂ ಸತ್ತರು. ಆಮೇಲೆ ಯಾರೂ..."

"ಏನಂತ ಕೂಗ್ದ?"

ಪರ್ಸಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಡೀಲಿಯಾ ಮೇಜಿನ ಮೇಲಿಂದ ಬಗ್ಗಿ ಆ ಕೈಯನ್ನು ಎಳೆದು ಕೆಳಗಿಟ್ಟಳು.

"ಮೊದಲು ನನ್ನ ಹೆಸರು," ಅಂದ ಪರ್ಸಿ. "ಆಮೇಲೆ ನೀರು. ಕೊನೆಗೆ ನಿಮ್ಮನ್ನೇ."

ಅವಳು ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಅಂದಳು, "ನೀನು ಹೋಗಿದ್ರೆ ನೀನೂ ಬರ್ತಿರ್ಲಿಲ್ಲ. ಅದು ನಂಗೆ ಗೊತ್ತು. ಆದ್ರೂ ಹೇಳ್ತೀನಿ ಕೇಳು. ನಾನು ಕಿವುಡಿ, ನಾನಾದ್ರೆ ಹೋಗ್ತಿದ್ದೆ. ಕಿವಿ ಇದ್ದೋನು ನೀನು."

ಪರ್ಸಿ ಎದ್ದು ಕೋಣೆಗೆ ಹೋಗಿ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬಿದ. ಇನ್ನು ಈ ಮನೆಯ ಅನ್ನ ತನಗಿಲ್ಲ ಅಂತಲೇ ತಿಳಿದಿದ್ದ. ಪೆಟ್ಟಿಗೆ ಹಿಡಿದು ಬಂದರೆ ಡೀಲಿಯಾ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಎಲ್ಲಿಗೆ? ಕೂತ್ಕೋ. ಇನ್ನೂ ಕೇಳೋದಿದೆ." ಅವನ ಕುರ್ಚಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. "ಅವನು ಹುಟ್ಟಿದಾಗ ಅತ್ತದ್ದೂ ನನಗೆ ಕೇಳ್ಲಿಲ್ಲ. ನನ್ನ ಮಗನ ದನಿ ಹೆಂಗಿತ್ತು ಅಂತ ಇವತ್ತಿಗೂ ಗೊತ್ತಿಲ್ಲ. ಕೊನೇಲಿ ಕೇಳಿದೋನು ನೀನು. ಹೇಳು."

ಪರ್ಸಿ ಹೇಳಿದ. ಕ್ಲೆಮ್‌ನದು ದಪ್ಪ ದನಿ, ನಗುವಾಗ ಮಾತ್ರ ಸಣ್ಣಗಾಗುತ್ತಿತ್ತು, ಹಡಗುಕಟ್ಟೆಯ ಸುತ್ತಿಗೆ ಸದ್ದಿನ ಮೇಲೂ ಕೇಳಿಸುತ್ತಿತ್ತು. ಆ ದಿನ ಮಧ್ಯಾಹ್ನದ ಹೊತ್ತಿಗೆ ಒಡೆದುಹೋಗಿತ್ತು, ಸಂಜೆಗೆ ಬರೀ ಉಸಿರಾಗಿತ್ತು. ಒಂದನ್ನೂ ಮುಚ್ಚಿಡಲಿಲ್ಲ. ಡೀಲಿಯಾ ಅವನ ತುಟಿಯಿಂದ ಕಣ್ಣು ತೆಗೆಯಲಿಲ್ಲ.

"ಕೊನೆಗೆ ನನ್ನ ಕೂಗಿದ್ನಲ್ಲ," ಅಂದಳು. "ಅದನ್ನ ಅವನು ಕೂಗಿದ ಹಂಗೇ ಹೇಳು. ನಿಧಾನಕ್ಕೆ ಹೇಳು."

ಪರ್ಸಿ ಮುಖವನ್ನು ಬೆಳಕಿಗೆ ಎತ್ತಿ ಹಿಡಿದು, ನಿಧಾನವಾಗಿ, "ಅಮ್ಮಾ" ಅಂದ.