ತಾಂಬೂಲ ತೆಗೆದುಕೊಂಡ ಮೇಲೆ

ನನ್ನ ತಮ್ಮನ ಪ್ರಶ್ನೆ ಸಭೆಯಲ್ಲಿ ಯಾರಿಗೂ ಕೇಳಿಸದ ಹಾಗೆ ಮಾಡಿದವಳು ನಾನು. ಇದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಅವನು ಟಕ್ವಿಲಾ ಅನ್ನುವ ಊರಿನ ಗೋದಾಮಿನಲ್ಲಿ ಕೆಲಸ ಮಾಡುತ್ತಾನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು ಈ ದೇಶಕ್ಕೆ ಕರೆಸಿಕೊಂಡವನೂ ಅವನೇ. ನಾನು ಬೆಲ್ವ್ಯೂನಲ್ಲಿ ನಮ್ಮವರ ಮನೆಗಳಿಗೆ ಅಡುಗೆ ಮಾಡಿಕೊಡುತ್ತೇನೆ. ಹಾಗೆ ಪರಿಚಯವಾದ ಮೇಡಂ ಒಬ್ಬರು ದೇಶದ ಅಧ್ಯಕ್ಷರ ಚುನಾವಣೆಯ ಹೊತ್ತಿನಲ್ಲಿ ಅರಿಶಿನ ಕುಂಕುಮಕ್ಕೆ ಕರೆದರು. ಅಡುಗೆಗಲ್ಲ, ಎಲ್ಲರ ಜೊತೆ ಕೂರುವುದಕ್ಕೆ. ಹಿಗ್ಗಿ ಹೋದೆ. ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಕಣ ಕೊಟ್ಟ ಮೇಲೆ, "ಭಾನುವಾರ ಅಭ್ಯರ್ಥಿ ಬರ್ತಾರೆ. ನೀವೆಲ್ಲ ರೇಷ್ಮೆ ಸೀರೆ ಉಟ್ಕೊಂಡು ಅವರ ಹಿಂದಿನ ಸಾಲಲ್ಲಿ ಕೂತ್ಕೋಬೇಕು" ಎಂದರು. ತಾಂಬೂಲ ಆಗಲೇ ಮಡಿಲಲ್ಲಿತ್ತು. ಇಲ್ಲ ಎನ್ನುವುದು ಹೇಗೆ?

ತಮ್ಮನನ್ನೂ ಸೇರಿಸಿಕೊಂಡರು. ಗೋದಾಮಿನ ಕೆಲಸಗಾರ ಪ್ರಶ್ನೆ ಕೇಳಿದರೆ ಚೆನ್ನ ಎಂದು, ಪ್ರಶ್ನೆಯನ್ನೂ ತಾವೇ ಬರೆದು ಚೀಟಿ ಕಳಿಸಿದರು. ಓದಿ ಅವನು ನಕ್ಕ. "ಇದನ್ನ ಗಿಳಿಗೂ ಕಲಿಸ್ಬೋದು ಕಣಕ್ಕ. ನಾನು ಕೇಳೋದೇ ಬೇರೆ." ಅವನ ಪಕ್ಕದಲ್ಲೇ ಪೆಟ್ಟಿಗೆ ಎತ್ತುತ್ತಿದ್ದ ಗೆಳೆಯನನ್ನು ವಲಸೆ ಇಲಾಖೆಯವರು ಹಿಡಿದುಕೊಂಡು ಹೋಗಿದ್ದರು. ನೀವು ಗೆದ್ದರೆ ಅವನನ್ನು ಮನೆಗೆ ಬಿಡುತ್ತೀರಾ, ಇಲ್ಲವಾ? ಅಷ್ಟೇ ತಮ್ಮನ ಪ್ರಶ್ನೆ. ಆ ಗೆಳೆಯನ ಹೆಂಡತಿಗೂ ನನಗೂ ಬಿಟ್ಟರೆ ಅದನ್ನು ಯಾರಿಗೂ ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಕರ್ಕ್‌ಲ್ಯಾಂಡ್‌ನ ಸಭಾಂಗಣದಲ್ಲಿ ಮೇಡಂ ನನ್ನ ಸೆರಗು ಸರಿಮಾಡುತ್ತಾ, "ನಿಮ್ಮ ತಮ್ಮ ಚೀಟಿ ಬಾಯಿಪಾಠ ಮಾಡಿದಾರೆ ತಾನೇ?" ಎಂದರು. ಅವರ ತಾಂಬೂಲ ತೆಗೆದುಕೊಂಡು ಅವರಿಗೇ ಎರಡು ಬಗೆಯುವುದೇ ಅನಿಸಿತು. "ಇಲ್ಲ ಮೇಡಂ, ಬೇರೆ ಏನೋ ಕೇಳ್ತಾನಂತೆ. ನೀವೇ ಒಂದು ಮಾತು ಬುದ್ಧಿ ಹೇಳಿ" ಎಂದೆ. ಊರಲ್ಲಿ ದೊಡ್ಡವರು ಪಕ್ಕಕ್ಕೆ ಕರೆದು ಹೇಳುತ್ತಾರಲ್ಲ, ಹಾಗೆ ಅಂದುಕೊಂಡಿದ್ದೆ.

ಮೇಡಂ ಬುದ್ಧಿ ಹೇಳಲಿಲ್ಲ. ಬಾಗಿಲ ಬಳಿ ನಿಂತಿದ್ದವರ ಕಿವಿಯಲ್ಲಿ ಏನೋ ಹೇಳಿದರು.

ಅಭ್ಯರ್ಥಿಯ ಬೆನ್ನ ಹಿಂದೆ, ಬೆಂಚಿನ ನಟ್ಟನಡುವೆ ನನ್ನನ್ನು ಕೂರಿಸಿದ್ದರು. ಎರಡೂ ಕಡೆ ಹೆಂಗಸರು, ಎದುರಿಗೆ ಕ್ಯಾಮೆರಾ. ತಮ್ಮನ ಸರದಿ ಬಂದಾಗ ಮೈಕು ಅವನನ್ನು ದಾಟಿ ಹಿಂದಿನವರ ಕೈಗೆ ಹೋಯಿತು. ಅವನು ಎದ್ದು ನಿಂತು, ಬರೀ ಬಾಯಲ್ಲೇ ಗೆಳೆಯನ ಹೆಸರು ಕೂಗಿದ. ಇಬ್ಬರು ಬಂದು ತೋಳು ಹಿಡಿದರು. ಆಗ ಕ್ಯಾಮೆರಾದ ಪಕ್ಕ ನಿಂತಿದ್ದ ಕಾರ್ಯಕರ್ತೆ ಕೈ ಎತ್ತಿದಳು. ಚಪ್ಪಾಳೆಯ ಸನ್ನೆ ಅದು, ಬೆಳಿಗ್ಗೆಯೇ ಕಲಿಸಿದ್ದರು. ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ. ಅವನ ದನಿ ಅದರಲ್ಲಿ ಮುಳುಗಿಹೋಯಿತು.

ಕಾರಿನಲ್ಲಿ ಅವನೇ ನನಗೆ ಸಮಾಧಾನ ಹೇಳಿದ. "ನೀನು ಅಲ್ಲಿ ನಡುವೆ ಸಿಕ್ಕಾಕ್ಕೊಂಡಿದ್ದೆ, ಏನು ಮಾಡ್ತೀಯ ಬಿಡಕ್ಕ." ಸ್ವಲ್ಪ ದೂರ ಹೋದ ಮೇಲೆ, "ನಾನು ಕೇಳೋದು ಏನು ಅಂತ ಅವನ ಹೆಂಡ್ತಿನೇ ಅವ್ರಿಗೆ ಮೊದ್ಲೇ ಹೇಳಿರ್ಬೇಕು. ಹೆದರ್ಕೊಂಡಿರ್ತಾಳೆ" ಎಂದ.

ಪ್ರತಿ ಶನಿವಾರ ಅವಳನ್ನೂ ಮಕ್ಕಳನ್ನೂ ದಿನಸಿ ತರಲು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದವನು ನಿಲ್ಲಿಸಿಬಿಟ್ಟ. ಅವಳಿಗೆ ಕಾರು ಓಡಿಸಲು ಬರುವುದಿಲ್ಲ. ಮೊನ್ನೆ ನನಗೇ ಫೋನ್ ಮಾಡಿ, ತನ್ನಿಂದ ಏನು ತಪ್ಪಾಯಿತು ಎಂದು ಕೇಳಿದಳು. ಅವನಿಗೆ ಕೆಲಸ ಜಾಸ್ತಿ ಎಂದು ನನ್ನ ಮುರುಕು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿ ಫೋನ್ ಇಟ್ಟೆ.

"ಯಾರಕ್ಕ ಫೋನು?" ಹಾಲ್‌ನಿಂದ ತಮ್ಮ ಕೂಗಿದ.

"ಅಡುಗೆಗೆ ಹೇಳೋರು ಕಣೋ" ಎಂದೆ.