ಕೆಂಪು ಗಾಡಿಯ ಆಚೆ ಕೂಸು

ಶಿವರಂಜನಿಗೆ ರೈಲ್ವೆ ಗೇಟಿನ ಕೆಲಸ ಸಿಕ್ಕಾಗ ಕಲಬುರಗಿಯ ಗೆಳತಿಯರು ನಕ್ಕಿದ್ದರು. ಬಿ.ಎಸ್ಸಿ. ಓದಿದವಳು ಝಂಡಿ ಹಿಡಿದು ನಿಲ್ಲುತ್ತಾಳಂತೆ! ಅದಾಗಿ ನಾಲ್ಕು ವರ್ಷ. ವಾಡಿ ಮತ್ತು ಚಿತ್ತಾಪುರದ ನಡುವೆ ಈ ಗೇಟು, ಒಂದು ಕೋಣೆ, ಒಂದು ಫೋನು. ಹಳಿಯ ಆಚೆ ಮುನ್ನೂರು ಹೆಜ್ಜೆಗೆ ಗಂಡನ ಮನೆ. ಅಲ್ಲಿ ಅತ್ತೆ ಅನಸುಬಾಯಿಯ ಬಳಿ ಒಂಬತ್ತು ತಿಂಗಳ ಮಗಳು. ಸಂಜೆ ಆರರವರೆಗೆ ಗೇಟು ಬಿಟ್ಟು ಕದಲುವಂತಿಲ್ಲ. ಕೂಸು ಬಾಟಲಿ ಮುಟ್ಟದು, ಗಂಜಿ ಉಗುಳುತ್ತದೆ. ಹಾಗಾಗಿ ದಿನಾ ಮಧ್ಯಾಹ್ನ ಅತ್ತೆಯೇ ಎತ್ತಿಕೊಂಡು ಬರುತ್ತಾಳೆ, ಇವಳು ಕೋಣೆಯ ಬಾಗಿಲು ಓರೆ ಮಾಡಿಕೊಂಡು ಹಾಲೂಡುತ್ತಾಳೆ.

ಆವತ್ತು ಅತ್ತೆ ಬರುವ ಹೊತ್ತಿಗೇ ಕೆಂಪು ಗಾಡಿ ಬಂತು. ಸಂಡೂರಿನ ಕಡೆಯ ಗಣಿಯಿಂದ ಅದಿರು ಹೊತ್ತು ಪೂರ್ವ ಕರಾವಳಿಯ ಬಂದರಿಗೆ ಹೋಗುವ ಗಾಡಿಗೆ ಊರವರು ಇಟ್ಟ ಹೆಸರದು. ಗಣಿ ಕಂಪನಿಯ ಹಡಗು ಕಾಯುತ್ತಿದೆಯೆಂದು ಈಚೆಗೆ ದಿನಕ್ಕೆ ಮೂರು ಇದ್ದದ್ದು ಐದಾಗಿತ್ತು. ಬಂದದ್ದು ನಿಂತೂ ಬಿಟ್ಟಿತು. ಎಂಜಿನ್ನು ದೂರದ ಗುಡ್ಡದ ಸೀಳಿನಲ್ಲಿ, ಬಾಲ ಹಳ್ಳದ ಸೇತುವೆಯ ಮೇಲೆ. ಸುತ್ತಿ ಬರಲು ದಾರಿಯೇ ಇಲ್ಲ.

ಶಿವರಂಜನಿ ಬಗ್ಗಿ ನೋಡಿದಳು. ಗಾಡಿಯ ಡಬ್ಬಿಯ ಅಡಿಯಿಂದ ಅತ್ತೆಯ ಸೀರೆಯ ಅಂಚು, ಅದರ ಪಕ್ಕ ಜೋತುಬಿದ್ದ ಎರಡು ಪುಟ್ಟ ಪಾದ. ಕೂಸು ಕಿರುಚುತ್ತಿತ್ತು. ಇವಳ ಎದೆ ತನ್ನಷ್ಟಕ್ಕೆ ತಾನೇ ಒಸರತೊಡಗಿತು.

ಸ್ಟೇಷನ್ನಿಗೆ ಫೋನು ಮಾಡಿದಳು.

“ಯಾವಾಗ ಬಿಡ್ತೀರಿ ಸಾಹೇಬ್ರ?”

“ಮುಂದ ದಾರಿ ಖಾಲಿ ಇಲ್ಲ. ಸಬೂರ್ ಮಾಡ್ರಿ ಬೆಹನ್,” ಎಂದರು ಸ್ಟೇಷನ್ ಮಾಸ್ತರ ಮುಕ್ರಮ. “ಐದ್ ಮಿನಿಟೂ ಆಗಬಹುದು, ತಾಸೂ ಆಗಬಹುದು.”

ಅಷ್ಟರಲ್ಲಿ ಪಕ್ಕದ ಹೊಲದ ಗುರುಲಿಂಗಪ್ಪ ಮೇವಿನ ಹೊರೆ ಈಚೆ ತಳ್ಳಿ, ತಾನೂ ಡಬ್ಬಿಯಡಿ ನುಸುಳಿ ಎದ್ದುನಿಂತ.

“ಕಾಕಾ, ಎಷ್ಟ್ ಸಲ ಹೇಳ್ಲಿ ನಿಮಗ?”

“ಹೊಂಡೂದಕ್ಕ ಮೊದಲ ಸೀಟಿ ಹೊಡೀತದವ್ವಾ. ಸೀಟಿ ಆದ ಮ್ಯಾಲ ಇಪ್ಪತ್ತು ಎಣಸಬಹುದು. ನಮ್ಮಪ್ಪನ ಕಾಲದ ಲೆಕ್ಕ ಅದು!”

ಊರಿಗೆ ಊರೇ ನಂಬಿದ ಲೆಕ್ಕ. ಅವನ ಅಪ್ಪನ ಕಾಲದ ಗಾಡಿ ಇದರ ಅರ್ಧ ಉದ್ದವೂ ಇರಲಿಲ್ಲ. ಈಗ ಆಷಾಢದ ಪಡುವಣ ಗಾಳಿ ಎದ್ದರೆ ಸೀಟಿ ಸೇಡಂ ಕಡೆಗೆ ತೇಲಿಹೋಗುತ್ತದೆ, ಗೇಟಿನವರೆಗೆ ಬರುವುದೇ ಇಲ್ಲ. ಎರಡು ಸಲ ಅವಳೇ ಕಂಡಿದ್ದಳು: ಸದ್ದಿಲ್ಲದೆ ನಿಂತ ಡಬ್ಬಿಗಳು ಒಮ್ಮೆಲೇ ಖಣಖಣ ಜಗ್ಗಿಕೊಂಡು ಹೊರಟಿದ್ದವು.

ಆಚೆಯಿಂದ ಅತ್ತೆ ಕೂಗಿದಳು, “ಗುರುಲಿಂಗಪ್ಪಾ, ಕೂಸಿಗಿ ಹಿಡಕೋ ಬಾ! ಹಸ್ತು ನೀಲಿ ಆಗ್ಲಿಕತ್ತದ.”

“ಬ್ಯಾಡ್ರಿ ಅತ್ತಿ!”

“ನಿನ್ನಿ ನಿನ್ನ ಊಟದ ಡಬ್ಬಿ ಹಿಂಗೇ ತಗೊಂಡಿಲ್ಲೇನು? ಆಗ ಎಲ್ಲಿ ಹೋಗಿತ್ತು ನಿನ್ನ ಕಾಯ್ದಾ?”

ಶಿವರಂಜನಿ ತಗೊಂಡಿದ್ದಳು, ನಿಜ. ಕೈ ಚಾಚಿ, ರೊಟ್ಟಿ ಬಿಸಿ ಇದ್ದಾಗಲೇ.

ಗುರುಲಿಂಗಪ್ಪ ಆಗಲೇ ಮಂಡಿಯೂರಿದ್ದ. ಅತ್ತೆ ಬಗ್ಗಿದಳು, ಕೂಸಿನ ಕುಲಾವಿ ಆಚೆಯ ಹಳಿಯ ಮೇಲೆ ಕಾಣಿಸಿತು. ಕೂಸು ಅಮ್ಮನನ್ನು ಕಂಡು ಅಳು ನಿಲ್ಲಿಸಿ ಕೈ ಚಾಚಿತು. ಎರಡು ಮೊಳ, ಅಷ್ಟೇ. ತಾನೂ ಕೈ ಚಾಚಿದರೆ ಮುಗಿಯಿತು.

ಅವಳ ಕೈ ಹೋದದ್ದು ಕಂಕುಳಲ್ಲಿದ್ದ ಕೆಂಪು ಝಂಡಿಗೆ. ಬಿಚ್ಚಿ, ಡಬ್ಬಿಯಡಿ ಚಾಚಿ, ಮಗಳ ಮುಖದೆದುರಿಗೇ ಹಿಡಿದಳು. “ಹಿಂದ ಸರೀರಿ! ಸರೀರಿ ಅಂದ್ರ ಸರೀರಿ!” ಆ ದನಿ ತನ್ನದೆಂದು ಅವಳಿಗೇ ಅನ್ನಿಸಲಿಲ್ಲ.

ಕೂಸು ಬೆಚ್ಚಿ ಮತ್ತೆ ಕಿರುಚಿತು. ಅತ್ತೆ ಹಿಂದೆ ಸರಿದಳು.

“ನೋಡಪ್ಪಾ, ಹೊಟ್ಟಿ ಮಗಳಿಗಿ ಝಂಡಿ ತೋರ್ಸೋ ತಾಯಿ!”

ಅಳು ಮನೆಯ ಕಡೆಗೆ ಸಣ್ಣದಾಗುತ್ತ ಹೋಯಿತು.

ಗಾಡಿ ಕದಲಲಿಲ್ಲ. ಹತ್ತು ನಿಮಿಷ, ಇಪ್ಪತ್ತು, ನಲವತ್ತು. ಅಷ್ಟರಲ್ಲಿ ನಾಲ್ಕು ಸಲ ಹಾಲೂಡಬಹುದಿತ್ತು. ಗುರುಲಿಂಗಪ್ಪ ಹೊರೆ ಹೊತ್ತು ನಡೆದ.

ಕೊನೆಗೆ ಸೀಟಿ ಕೇಳಿಸದೆಯೇ ಡಬ್ಬಿಗಳು ಜಗ್ಗಿ ಹೊರಟವು. ಗೇಟು ತೆರೆದಳು. ಆಚೆ ದಾರಿ ಬರಿದಾಗಿತ್ತು.

ಆಚೆಯಿಂದ ನೀರಿನ ಕೊಡ ಹೊತ್ತು ಬಂದ ನೆರೆಮನೆಯ ತಾಜುನ್ನಿಸಾ ಅಂದಳು, “ನಿಮ್ಮ ಕೂಸು ಅತ್ತು ಅತ್ತು ಮಲಕೊಂಡದ ನೋಡ್ರಿ. ಎಬ್ಬಸಬ್ಯಾಡಂತ ಹೇಳ್ಯಾರ ನಿಮ್ಮತ್ತಿ.”

ಮುನ್ನೂರು ಹೆಜ್ಜೆ. ಗಡಿಯಾರದಲ್ಲಿ ಎರಡೂ ಕಾಲು. ತೊಯ್ದ ಕುಪ್ಪಸದ ಮೇಲೆ ಸೆರಗು ಎಳೆದುಕೊಳ್ಳುತ್ತಿರುವಾಗ ಫೋನು ಬಡಿದುಕೊಂಡಿತು.

“ಬೆಹನ್, ಗೇಟ್ ಹಾಕ್ರಿ. ಇನ್ನೊಂದು ಅದಿರಿನ ಗಾಡಿ ಬರ್ಲಿಕತ್ತದ.”

“ಹಾಕ್ತೀನ್ರಿ,” ಎಂದಳು.